ಬದುವಿನ ಸಾಲಿನ ಹುಡುಗಿ

ಇಟ್ಟುಕೊಂಡರು! ನನ್ನ ಮೊಮ್ಮಗಳನ್ನು ಆ ಹುಬ್ಬಳ್ಳಿ ಹುಡುಗರು ತಮ್ಮ ತಂಡದಲ್ಲಿ ಇಟ್ಟುಕೊಂಡರು!

ಹಿಂದಿನದು ಮುಂದಿನದು ಆಮೇಲೆ, ಮೊದಲು ಇದನ್ನೇ ಹೇಳಿಬಿಡುತ್ತೇನೆ. ಆ ದಿನವೂ ನಾನು ಹೀಗೇ ಮಾಡಿದ್ದೆ. ಕೆಲಗೇರಿಯ ನಮ್ಮ ಓಣಿಗೆ ಕಾಲಿಟ್ಟವಳೇ, ನಳದ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಣ್ಣುಮಕ್ಕಳಿಗೆ, "ನಮ್ಮ ಹುಡುಗೀನ್ನ ಒಪ್ಪಿದ್ರವ್ವಾ!" ಎಂದು ಕೂಗಿದೆ.

"ಹೌದ? ಯಾವ ಊರಿನ ಮನಿತನರೀ?" ಎಂದಳು ಒಬ್ಬಳು.

"ಥೂ, ವರಾ ಅಲ್ಲಬೇ! ಆಟಕ್ಕ, ಕಂಪ್ಯೂಟರ್ ಆಟಕ್ಕ!"

ಮೊಮ್ಮಗಳು ನನ್ನ ಸೆರಗು ಹಿಡಿದು ಎಳೆಯುತ್ತಿದ್ದಳು. "ಆಯಿ, ಮನಿಗೆ ನಡಿ ಸುಮ್ನ!" ಆದರೆ ಅವಳೂ ನಗುತ್ತಿದ್ದಳು. ಆ ನಗು ನೋಡಿ ಎಷ್ಟೋ ತಿಂಗಳಾಗಿತ್ತು.

ನಾನು ಕಲಿತದ್ದು ಮೂರನೆಯ ಇಯತ್ತೆ. ಇದನ್ನು ಬರೆಯುವಾಗ ಒಂದೊಂದು ಅಕ್ಷರಕ್ಕೂ ಪೆನ್ನು ನಿಲ್ಲುತ್ತದೆ, ಮನಸ್ಸು ಮಾತ್ರ ಮುಂದೆ ಓಡುತ್ತದೆ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿತ್ತೇನೋ. ಮೊಮ್ಮಗಳು ಆಗ ತಾನೇ ಹೊಸ ಕಾಲೇಜಿಗೆ ಸೇರಿದ್ದಳು. ಮನೆಗೆ ಬಂದರೆ ಮಾತಿಲ್ಲ. "ಗೆಳತ್ಯಾರು ಯಾರರ ಆದರೇನಬೇ?" ಎಂದು ಕೇಳಿದರೆ ಪುಸ್ತಕದಿಂದ ಕಣ್ಣೆತ್ತುತ್ತಿರಲಿಲ್ಲ. ಕಾಲೇಜಿನಲ್ಲಿ ಊಟದ ಡಬ್ಬಿಯನ್ನು ಕಿಡಕಿಯ ಪಕ್ಕ ಒಬ್ಬಳೇ ಕುಳಿತು ಉಣ್ಣುತ್ತಾಳೆಂಬುದು ನಮಗೆ ಬೇರೆಯವರಿಂದ ಗೊತ್ತಾಯಿತು.

ಅಂಥವಳು ದಸರಾ ಸೂಟಿಯಲ್ಲಿ ಒಂದು ದಿನ ತಾನಾಗಿಯೇ ಬಾಯಿಬಿಟ್ಟಳು. ಬಸ್ ಸ್ಟಾಪಿನ ಹತ್ತಿರ ಒಂದು ನೆಟ್ ಸೆಂಟರ್ ಇತ್ತು. ಅದರ ಮಾಲೀಕನಿಗೆ ಎಲ್ಲರೂ ಕಾಕಾ ಎನ್ನುತ್ತಿದ್ದರು. ಭಾನುವಾರ ಕಂಪ್ಯೂಟರ್ ಆಟದ ಪಂದ್ಯ ಇದೆಯಂತೆ. ಹುಬ್ಬಳ್ಳಿಯ ನಾಲ್ವರು ಹುಡುಗರಿಗೆ ಐದನೆಯವರು ಬೇಕಂತೆ. ಅಲ್ಲಿ ಇವಳು ಆಡುವುದನ್ನು ನೋಡಿದ್ದ ಕಾಕಾ ಇವಳ ಹೆಸರು ಹೇಳಿದ್ದಾನಂತೆ. ಅವರು ಹುಬ್ಬಳ್ಳಿಯಲ್ಲೇ ಕುಳಿತು ಆಡುತ್ತಾರೆ, ಇವಳು ಇಲ್ಲಿ ಕುಳಿತು ಆಡಬೇಕು. ಮೂರು ದಿನ ನೋಡಿ, ಸರಿಬಂದರೆ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಬಿಡುತ್ತಾರೆ.

ನನ್ನ ಮಗ ಮೀಸೆ ತಿರುವಿದ. "ನಿಮ್ಮ ಆಯಿ ಸಂಗಾಟ ಬಂದ್ರ ಹೋಗು."

ಹೀಗೆ ನಾನೂ ಹೋದೆ. ಕೈ ಸುಮ್ಮನಿರಬಾರದೆಂದು ಒಂದು ಚೀಲ ಶೇಂಗಾ ಒಯ್ದಿದ್ದೆ. ಅವಳ ಬೆನ್ನ ಹಿಂದೆ ಸ್ಟೂಲಿನ ಮೇಲೆ ಕುಳಿತು ಸುಲಿಯತೊಡಗಿದೆ. ಪರದೆಯ ಮೇಲೆ ಒಂದು ಪಾಳುಬಿದ್ದ ಕೋಟೆ. ನಮ್ಮವರು ಐದು, ಎದುರಿನವರು ಐದು. ಕೋಟೆಯ ನಡುವೆ ಇರುವ ನಿಶಾನೆಯನ್ನು ಕಾಯಬೇಕು. ಇಷ್ಟು ನನಗೂ ತಿಳಿಯಿತು. ಅವಳು ಕಿವಿಗೆ ಹಾಕಿಕೊಂಡ ಹೆಡ್‌ಫೋನಿನ ಒಂದು ಬಟ್ಟಲನ್ನು ನನ್ನ ಕಡೆ ತಿರುಗಿಸಿದಳು. ನಾನು ಬಗ್ಗಿ ಕಿವಿಯಿಟ್ಟೆ. ಇಡಬಾರದಿತ್ತು.

"ಏ ಹೊಸಾ ಗಿರಾಕಿ! ಮಂದಿ ಅಲ್ಲಿ ಅದಾರ, ನೀ ಗ್ವಾಡಿಗೆ ಯಾಕ ಹೊಡ್ಯಾಕತ್ತಿ?"

"ಸಾರಿ ರೀ," ಎಂದಳು ನಮ್ಮವಳು.

"ಸಾರಿ ಅಂತ! ನಿನಕಿಂತ ನಮ್ಮ ಮನಿ ಎಮ್ಮಿ ಛಲೋ ಆಡ್ತೈತಿ."

"ಸಾರಿ ರೀ."

"ಹೋಗ, ಮನ್ಯಾಗ ರೊಟ್ಟಿ ಬಡಿ ಹೋಗ!"

ರೊಟ್ಟಿ ಬಡಿಯಲೂ ಬರುವುದಿಲ್ಲ ಅವಳಿಗೆ, ಅದನ್ನು ಅವರಿಗೆ ಯಾರು ಹೇಳಬೇಕು? ಅವಳ ಕಿವಿ ಕೆಂಪಾಗಿತ್ತು. ಬೈದಷ್ಟೂ ಗುರಿ ತಪ್ಪು, ತಪ್ಪಿದಷ್ಟೂ ಬೈಗುಳ. ಒಂದೂ ಕೆಟ್ಟ ಮಾತು ಕೇಳದೆ ಬೆಳೆದ ಕೂಸು. ಎಬ್ಬಿಸಿ ಕರೆದುಕೊಂಡು ಹೋಗಲೇ? ಹೋದರೆ ಮತ್ತೆ ಆ ಕಿಡಕಿ, ಆ ಡಬ್ಬಿ, ಆ ಮೌನ. ಶೇಂಗಾದ ಸಿಪ್ಪೆ ಬುಟ್ಟಿಗೆ, ಕಾಳು ಚೀಲಕ್ಕೆ ಹಾಕುವ ಬದಲು ಕಾಳನ್ನೇ ಬುಟ್ಟಿಗೆ ಹಾಕುತ್ತಿದ್ದೆ.

ಎರಡನೆಯ ದಿನ ನಾನೇ ಅನಾಹುತ ಮಾಡಿದೆ. ಅವನೊಬ್ಬ, ಎಮ್ಮೆಯವನು, "ಈಕೀನ್ನ ಯಾರ ಕರಸಿದ್ರೋ, ಪೀಡಾ" ಎಂದ. ನನಗೆ ತಡೆಯಲಾಗಲಿಲ್ಲ. ಅವಳ ಬಾಯಿಯ ಹತ್ತಿರದ ಮೈಕಿನ ಕಡ್ಡಿಯನ್ನು ನನ್ನ ಕಡೆ ಎಳೆದುಕೊಂಡು ಕೂಗಿದೆ: "ಏ ಭಾಡ್ಯಾ! ನಿಮ್ಮ ಅವ್ವ-ಅಕ್ಕಗೋಳ ಮುಂದ ಹಿಂಗ ಮಾತಾಡ್ತೀಯೇನೋ? ಎಲ್ಲೈತಿ ನಿಮ್ಮ ಮನಿ? ಹೇಳ, ಬರ್ತೇನಿ!"

ಆ ಕಡೆ ಮೂವರು ಹೋ ಎಂದು ನಕ್ಕರು.

"ಏ, ಆಯೀನ್ನ ಕರಕೊಂಡ ಬಂದಾಳಲೇ!"

"ಆಯೀನ್ನ ಆಡಸೂಣಂತ ಬಿಡ. ಗುರಿ ಈಕಿಗಿಂತ ಛಲೋ ಇರ್ತೈತಿ."

ಅವರ ಕ್ಯಾಪ್ಟನ್ ಮಾತ್ರ ನಗಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. "ನಾಳಿಗೆ ಒಂದ ಸಲ ನೋಡ್ತೀನಿ," ಎಂದ. "ಆಗಲಿಲ್ಲಂದ್ರ ಬ್ಯಾರೆಯವರನ್ನ ತೊಗೋತೀನಿ. ರಾಯಾಪುರದಾಗ ಒಬ್ಬಾಂವ ಕೇಳಾಕತ್ತಾನ."

ಮೊಮ್ಮಗಳು ಎದ್ದು ಹೊರಗೆ ನಡೆದಳು. ಕೆರೆಯ ದಂಡೆಯವರೆಗೆ ನನಗಿಂತ ಹತ್ತು ಹೆಜ್ಜೆ ಮುಂದೆಯೇ ಇದ್ದಳು. ನಾನು ಹಿಂದೆ ಹಿಂದೆ, ತಪ್ಪು ಮಾಡಿದವಳ ಹಾಗೆ. ಅವಳಿಗೆ ಸಿಗಬೇಕಾಗಿದ್ದ ಒಂದೇ ಒಂದು ಜಾಗವನ್ನು ನನ್ನ ಬಾಯಿಯೇ ಕಳೆಯಿತಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

"ನಾಳಿಗೆ ಬರಬ್ಯಾಡ ಆಯಿ."

"ಬರದಿದ್ರ ನಿಮ್ಮಪ್ಪ ಕಳಸೂದಿಲ್ಲ. ಬಾಗಲದಾಗ ಕುಂದರ್ತೇನಿ. ಬಾಯಿ ಹೊಲಕೊಂಡ ಕುಂದರ್ತೇನಿ."

ಅವಳು ದಂಡೆಯ ಕಲ್ಲಿನ ಮೇಲೆ ಕುಳಿತಳು. ನಾನೂ ಕುಳಿತೆ. ಆಗ ನನಗೆ ಗಂಡನ ಊರು ಮುಗದದ ನೆನಪಾಯಿತು. ನಾನು ಅಲ್ಲಿಗೆ ಸೊಸೆಯಾಗಿ ಹೋದಾಗ ಇವಳ ವಯಸ್ಸೇ. ಭತ್ತದ ಹೊಲದಲ್ಲಿ ಕಳೆ ಕೀಳುವಾಗ ಹೆಣ್ಣಾಳುಗಳು ಅಡ್ಡಕ್ಕೆ ಒಂದೇ ಸಾಲು ಹಿಡಿದು ಮುಂದೆ ಸರಿಯುತ್ತಾರೆ. ಬದುವಿಗೆ ಹತ್ತಿದ ಸಾಲು ಯಾರಿಗೂ ಬೇಡ. ಹುಲ್ಲು ದಟ್ಟ, ಮುಳ್ಳು ಜಾಸ್ತಿ, ಬದುವಿನ ತೂತಿನಲ್ಲಿ ಹಾವು. ಆ ಸಾಲು ಯಾವಾಗಲೂ ಹೊಸಬಳಿಗೆ. ನಾನು ಹಿಂದೆ ಬಿದ್ದರೆ ಎಲ್ಲರೂ ನಿಂತು ಆಡಿಕೊಳ್ಳುತ್ತಿದ್ದರು. "ಕೈತುಂಬ ಬಳಿ, ಕೀಳಾಕ ಬರೂದಿಲ್ಲ ಕಳಿ" ಎಂದು ಒಬ್ಬಳು ಹಾಡಿನ ಹಾಗೆ ಎಳೆದು ಹೇಳುತ್ತಿದ್ದಳು. ನಾನು ಅತ್ತೆ, ಉತ್ತರ ಕೊಟ್ಟೆ, ಕೈಮುಗಿದೆ. ಯಾವುದೂ ನಡೆಯಲಿಲ್ಲ. ಇದನ್ನೆಲ್ಲ ಅವಳಿಗೆ ಹೇಳಿದೆ.

"ಮತ್ತ ಏನ ಮಾಡಿದಿ?"

"ಅವರ ಮಾತಿಗೆ ಮಾತ ಕೊಡೂದ ಬಿಟ್ಟೆ. ಬದುವಿನಾಗ ನನಗ ಏನ ಕಾಣತೈತಿ, ಅದನ್ನಷ್ಟ ಕೂಗಿ ಹೇಳಾಕ ಹತ್ತಿದೆ. ಇಲ್ಲಿ ಇರುವಿ ಗೂಡೈತಿ. ಇಲ್ಲಿ ಜಾಲಿಮುಳ್ಳ ಅದಾವ. ಇಲ್ಲಿ ತೂತೈತಿ, ಕೈ ಇಡಬ್ಯಾಡ್ರಿ. ಬೈದ್ರೂ ಅದ, ನಕ್ಕರೂ ಅದ. ನೀನೂ ಬದುವಿನ ಸಾಲಿನಾಕಿ ಈಗ. ಸಾರಿ ಗೀರಿ ಬಿಡು. ಕಂಡದ್ದ ಹೇಳು."

ಅವಳು ಕೆರೆಗೆ ಒಂದು ಹರಳು ಒಗೆದಳು.

ಮೂರನೆಯ ದಿನ ಬಾಗಿಲಲ್ಲಿ ಕುಳಿತೆ. ಆಡಿದ ಮಾತಿನಂತೆ ತುಟಿ ಬಿಚ್ಚಲಿಲ್ಲ. ಅಲ್ಲಿಂದ ಅವಳ ಜಡೆ ಕಾಣುತ್ತಿತ್ತು, ಅವಳ ಮಾತಷ್ಟೇ ಕೇಳುತ್ತಿತ್ತು, ಅವರದು ಇಲ್ಲ. ಅದು ಇನ್ನೂ ಕಷ್ಟ. ಅವಳು ಸುಮ್ಮನಾದಾಗಲೆಲ್ಲ ಆ ಕಡೆಯಿಂದ ಏನು ಅನ್ನುತ್ತಿದ್ದಾರೋ ಎಂದು ನಾನು ಕತ್ತು ಚಾಚುತ್ತಿದ್ದೆ. ಕಾಕಾ ಹೋಗಿ ಅವಳಿಗೆ ಏನೋ ತೋರಿಸಿ ಬಂದ.

"ಎಮ್ಮಿ ಅನ್ನಾಂವನ ದನಿ ಅಷ್ಟ ಬಂದ್ ಮಾಡಿಕೊಟ್ಟೇನ್ರೀ ಅಮ್ಮಾರ. ಅದಕ್ಕೊಂದ ಬಟನ್ ಐತಿ."

ಮುಗದದಲ್ಲಿ ಅಂಥ ಬಟನ್ ಇದ್ದಿದ್ದರೆ ನನ್ನ ಅರ್ಧ ಆಯುಷ್ಯ ಸುಖವಾಗಿ ಕಳೆಯುತ್ತಿತ್ತು.

ಮೊದಲು ಅವಳ ದನಿ ಸಣ್ಣದಿತ್ತು. "ಎಡಕ್ಕ ಇಬ್ರು." ಆಮೇಲೆ, "ಮಾಳಿಗಿ ಮ್ಯಾಲ ಒಬ್ಬಾಂವ." ಸಾರಿ ಇಲ್ಲ. ನಾನು ಶೇಂಗಾ ಕೈಯಲ್ಲಿ ಹಿಡಿದಿದ್ದೆ, ಒಡೆದಿರಲಿಲ್ಲ. "ಕಮಾನಿನ ಹಿಂದ ಯಾರೂ ಇಲ್ಲ, ಬರ್ರಿ. ಬಾಂವಿ ಕಡೆ ಬ್ಯಾಡ್ರಿ, ಬ್ಯಾಡ್ರಿ!"

"ಆಕಿ ಸತ್ಲು," ಎಂದ ಕಾಕಾ ನನ್ನ ಹತ್ತಿರ ಬಗ್ಗಿ.

ನನ್ನ ಕೈಯಿಂದ ಚೀಲ ಜಾರಿತು. "ಅಯ್ಯ, ಮುಗೀತೇನೋ ತಮ್ಮಾ?"

"ಆಟದಾಗರೀ. ಇನ್ನ ಕೂತು ಉಳದವರದು ನೋಡಬೇಕಷ್ಟ."

ಆದರೆ ಅವಳು ಸುಮ್ಮನೆ ನೋಡಲಿಲ್ಲ. ಸತ್ತ ಮೇಲೂ ಹೇಳುತ್ತಲೇ ಇದ್ದಳು, ಎಡಕ್ಕೆ, ಬಲಕ್ಕೆ, ಹಿಂದೆ. ಅಷ್ಟರಲ್ಲಿ ಗಂಟಲು ಕಟ್ಟಿ ಕೆಮ್ಮು ಬಂತು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ನೀರಿನ ಬಾಟಲಿಗೆ ಕೈಹಾಕಿದಳು. ಮೇಜಿನ ಮೇಲಿದ್ದ ಅದು ಒದರತೊಡಗಿತು. ಬಾಗಿಲವರೆಗೂ ಕೇಳಿಸಿತು. ಕ್ಯಾಪ್ಟನ್ನನ ದನಿ.

ಮತ್ತೆ ಬೈಯುತ್ತಿದ್ದಾನೆ. ಮುಗಿಯಿತು. ರಾಯಾಪುರದವನು ಬಂದ. ನಾನು ಕಣ್ಣುಮುಚ್ಚಿದೆ.

"ಏ, ಯಾಕ ಸುಮ್ನಾದಿ? ಎಲ್ಲಿ ಹ್ವಾದಿ? ಹೇಳ, ಹೇಳ ಲಗೂ!"

ಕಣ್ಣುಬಿಟ್ಟೆ. ಮೊಮ್ಮಗಳಿಗೆ ಕೆರೆಯ ದಂಡೆಯಲ್ಲಿ ನಾನು ಹೇಳದೆ ಬಿಟ್ಟ ಒಂದು ಮಾತಿತ್ತು. ಒಂದು ದಿನ ನನಗೆ ಜ್ವರ ಬಂದು ದನಿ ಬಿದ್ದಿತ್ತು, ಕೂಗಿರಲಿಲ್ಲ. ಆ ಹಾಡು ಹೇಳುವವಳೇ ಅಂಗೈಯಲ್ಲಿ ಮುಳ್ಳು ಮುರಿಸಿಕೊಂಡು ನನ್ನ ಕಡೆ ತಿರುಗಿ ಒದರಿದ್ದಳು: "ಇವತ್ತ ಯಾಕ ಕೂಗಲಿಲ್ಲಬೇ?" ಅದೇ ಸಿಟ್ಟು, ಅದೇ ಒದರಾಟ. ಆ ಸಿಟ್ಟು ಎಂಥದ್ದು ಎಂದು ನನಗೆ ಗೊತ್ತಿತ್ತು.

ಅವಳು ನೀರು ನುಂಗಿ, ಹೆಡ್‌ಫೋನ್ ಸಿಕ್ಕಿಸಿಕೊಂಡು, "ಇಲ್ಲೇ ಅದೇನ್ರೀ. ನಿಮ್ಮ ಬೆನ್ನ ಹಿಂದ ಒಬ್ಬಾಂವ ಬಂದ," ಎಂದಳು.

ಆಟ ಗೆದ್ದರೋ ಸೋತರೋ ನಾನು ಕೇಳಲಿಲ್ಲ. ಸೋತರಂತೆ, ಆಮೇಲೆ ಕಾಕಾ ಹೇಳಿದ. ಅವಳು ಎದ್ದು ನನ್ನ ಹತ್ತಿರ ಬಂದಳು, ಮುಖದಲ್ಲಿ ಏನಿದೆ ಎಂದು ನನಗೆ ಓದಲಾಗಲಿಲ್ಲ.

"ಭಾನುವಾರ ಹತ್ತಕ್ಕ ಬಾ ಅಂದ್ರು," ಎಂದಳು.

"ಖರೇನ?"

"ಖರೇ. ಎಮ್ಮಿ ಅನ್ನಾಂವ ಬ್ಯಾಡ ಅಂದ್ನಂತ. ಕ್ಯಾಪ್ಟನ್ ಕೇಳಲಿಲ್ಲಂತ." ಬಗ್ಗಿ ನೆಲದ ಮೇಲೆ ಚೆಲ್ಲಿದ್ದ ಶೇಂಗಾ ಆರಿಸತೊಡಗಿದಳು. "ನಿಮ್ಮ ಆಯೀನ್ನೂ ಕರಕೊಂಡ ಬಾ ಅಂದ. ಬಾಯಿ ಹೊಲಕೊಂಡ ಬರಬೇಕಂತ ಮತ್ತ."

ಆಮೇಲಿನದು, ನಳದ ಹತ್ತಿರ ನಾನು ಕೂಗಿದ್ದು, ನಿಮಗೆ ಮೊದಲೇ ಹೇಳಿದ್ದೇನೆ.

ಆ ಸಂಜೆ, ಮೂರು ದಿನ ಹೆದರಿ ಹೆದರಿ ಸುಲಿದಿದ್ದ ಶೇಂಗಾ ಹುರಿದು, ಬಳ್ಳೊಳ್ಳಿ, ಖಾರ ಹಾಕಿ ಚಟ್ನಿಪುಡಿ, ಅದೇ ನಮ್ಮ ಹಿಂಡಿ, ಕುಟ್ಟಿದೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳದು ಯಾವಾಗಲೂ ಆಮೇಲಿನ ಊಟ. ಆ ದಿನ ನಾನು ಸೊಸೆಯ ಕೈಹಿಡಿದು ಕೂಡಿಸಿದೆ. "ರೊಟ್ಟಿ ಬಡದಾತು, ಎಲ್ಲಾ ನಡಕ ಇಡು, ಬೇಕಾದವ್ರು ತೊಗೋತಾರ," ಎಂದೆ. ಮಗ, ಸೊಸೆ, ಮೊಮ್ಮಗಳು, ನಾನು, ನಾಲ್ವರೂ ಒಂದೇ ಸಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತೆವು. ಮೊಮ್ಮಗಳ ಬಾಯಿ ನಿಲ್ಲಲೊಲ್ಲದು. ಕಮಾನು, ಬಾವಿ, ಮಾಳಿಗೆ.

ಮಗ ತಾಟಿನ ಸುತ್ತ ಕೈಯಾಡಿಸುತ್ತಿದ್ದ. "ಹಿಂಡಿ ಎಲ್ಲೈತಿ?"

"ಎಡಕ್ಕ," ಎಂದಳು ಅವಳು. "ಮಸರು ಅವ್ವನ ಹಿಂದ. ಬೆಕ್ಕು ಬಾಗಲದಾಗ ಐತಿ, ಬರಾಕತ್ತೈತಿ, ಬರಾಕತ್ತೈತಿ!"

ಮಗ ಮೊಸರಿನ ಗಡಿಗೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಸೊಸೆ ತುತ್ತು ಕೈಯಲ್ಲೇ ಹಿಡಿದು ನಕ್ಕಳು. ನಾನು ಇನ್ನೊಂದು ರೊಟ್ಟಿ ಮುರಿದೆ.