ಕೊಲೆಗಾರ ಚಾಚಿದ ಕೈ

ದೊಡ್ಡಬಳ್ಳಾಪುರದ ಗರಡಿಯಲ್ಲಿ ನನಗೆ ಕುಸ್ತಿ ಕಲಿಸಿದ ಉಸ್ತಾದರು, ತಾವು ಕೆಡವಿದವನನ್ನು ತಾವೇ ಕೈನೀಡಿ ಎಬ್ಬಿಸಿ, ಬೆನ್ನಿನ ಮಣ್ಣು ಒರೆಸುತ್ತಿದ್ದರು. "ಕೆಡವಿದೋನೇ ಎಬ್ಬಿಸ್ಬೇಕು ಕಣಪ್ಪಾ" ಎನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಮ್ಮ ಗರಡಿಯಲ್ಲೇ ಒಂದು ಅಗ್ಗದ ಸಿನಿಮಾ ತೆಗೆದರು. ಮುಖವಾಡದವನೊಬ್ಬ ಪೈಲ್ವಾನರನ್ನು ಒಬ್ಬೊಬ್ಬರಾಗಿ ಕಡಿಯುವ ಕಥೆ. ಉಸ್ತಾದರೇ ಕೊಲೆಗಾರ, ನಾನು ಮೊದಲ ಹೆಣ. ಮಚ್ಚು ಬೀಸಿ ನನ್ನನ್ನು ಕೊಂದವರು, ಮುಖವಾಡದಲ್ಲೇ ಬಗ್ಗಿ ಕೈಚಾಚಿದರು.

"ಸತ್ತೋನ್ನ ಯಾಕ್ ಎಬ್ಬಿಸ್ತೀರಾ? ಇರೋದೇ ಇಷ್ಟು ರೀಲು!" ನಿರ್ದೇಶಕರು ಕೂಗಾಡಿದರು.

"ಮಣ್ಣಲ್ಲಿ ಬಿದ್ದೋನ್ನ ಹಂಗೇ ಬಿಟ್ಟೋಗಕ್ಕಾಗಲ್ಲ ಸಾರ್."

ಎರಡನೇ ಸಲವೂ ಅದೇ ಕೈ ಬಂತು. ಅಷ್ಟರಲ್ಲಿ ರೀಲು ಮುಗಿದುದರಿಂದ ಹಾಗೇ ಉಳಿಸಿಕೊಂಡರು.

ಸಿನಿಮಾ ಊರಿನ ಟೆಂಟಿಗೆ ಬಂದಾಗ, ಚೀರುತ್ತಿದ್ದ ಜನ ಆ ರಕ್ತದ ಕೈ ಕಂಡು ಸುಮ್ಮನಾದರು. ಹಿಂದಿನಿಂದ ಯಾರೋ ಕೂಗಿದರು: "ಎದ್ದೇಳಲಾ, ಉಸ್ತಾದ್ರು ಕರೀತಾವ್ರೆ!"

ಪರದೆಯ ಮೇಲೆ ಸತ್ತು ಬಿದ್ದಿದ್ದ ನಾನು ಆ ಕೈ ಹಿಡಿದು ಎದ್ದೇಬಿಟ್ಟೆ.