ತಾಟಿನಲ್ಲಿ ಬೆಳೆದ ಸಾಸಿವೆ

ಆಗಿನ್ನೂ ಹೊಸ ಕೊಲ್ಹಾರದ ಮನೆಗಳಿಂದ ಹಸಿ ಸಿಮೆಂಟಿನ ವಾಸನೆ ಹೋಗಿರಲಿಲ್ಲ. ಹಳೆಯ ಊರು ಕೃಷ್ಣೆಯ ಹಿನ್ನೀರಿಗೆ ಸೇರಿ, ನಾವೆಲ್ಲ ಎತ್ತರದ ಪ್ಲಾಟುಗಳಿಗೆ ಬಂದ ಮೊದಲ ಬೇಸಿಗೆ ಅದು. ಮಕ್ಕಳಾದ ನಮಗೆ ಖುಷಿಯೋ ಖುಷಿ. ಕುಂಟಾಬಿಲ್ಲೆಯ ಮನೆ ಗೀಚಲು ಅಗಲವಾದ ಓಣಿ ಸಿಕ್ಕಿತ್ತಲ್ಲ!

ಆದರೆ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಆ ಮನೆ ಒಗ್ಗಲಿಲ್ಲ. ಹಳೆಯ ಊರಿನ ಹೊಳೆದಂಡೆಯಲ್ಲಿ ಅವಳದೊಂದು ಸೊಪ್ಪಿನ ಮಡಿ ಇತ್ತು. ಮೆಂತ್ಯ, ರಾಜಗಿರಿ, ಹಕ್ಕರಕಿ, ಏನಾದರೊಂದು ಸೊಪ್ಪನ್ನು ಸಂಜೆ ಸೆರಗಿನ ತುಂಬ ತರುತ್ತಿದ್ದಳು. ಇಲ್ಲಿ ಹಿತ್ತಲೆಂದರೆ ಬರೀ ಗರಸು, ಕಲ್ಲುಮಣ್ಣು. ಸಲಿಕೆ ಹಾಕಿದರೆ ಠಣ್ಣೆನ್ನುತ್ತಿತ್ತು. ಆಯಿ ಅರ್ಧ ರೊಟ್ಟಿ ತಿಂದು ಕೈ ತೊಳೆದುಬಿಡುತ್ತಿದ್ದಳು. ಒಂದು ಮಧ್ಯಾಹ್ನ ಸೀರೆಗಳ ಗಂಟು ಕಟ್ಟತೊಡಗಿದಳು.

"ನಾ ಬಾಗೇವಾಡಿಗೆ ಮಗಳ ಮನಿಗೆ ಹೋಗ್ತೇನಿ. ಇಲ್ಲಿ ಹುಲ್ಲಕಡ್ಡಿ ಸುದ್ದಾ ಏಳಂಗಿಲ್ಲ."

"ಕಾರಹುಣ್ಣಿಮಿ ಮುಗೀಲಿ ಯವ್ವಾ, ನಾನ ಬಿಟ್ಟ ಬರ್ತೇನಿ," ಎಂದ ಅಪ್ಪ.

ನಾನು ಹುಟ್ಟಿದಾಗಿನಿಂದ ಆಯಿಯ ಮಗ್ಗುಲಲ್ಲೇ ಮಲಗಿದವಳು. ಅಪ್ಪ ಒಪ್ಪಿಕೊಂಡೇಬಿಟ್ಟಿದ್ದ. ಏನಾದರೂ ಹಸಿರು ಎಬ್ಬಿಸಿ ತೋರಿಸಿದರೆ ಅವಳು ನಿಂತಾಳು ಎನಿಸಿತು. ಹಟ ಹಿಡಿದೆ.

ಶಾಲೆಯಲ್ಲಿ ಅಕ್ಕೋರು ಒದ್ದೆ ಬಟ್ಟೆಯ ಮೇಲೆ ಹೆಸರುಕಾಳು ಮೊಳೆಸಿ ತೋರಿಸಿದ್ದರು. ನನ್ನ ಕೈಗೆ ಸಿಕ್ಕಿದ್ದು ಸಾಸಿವೆ. ತಾಟಿನಲ್ಲಿ ಹಳೆಯ ಧೋತರದ ತುಂಡು ಹಾಸಿ, ಮುಷ್ಟಿ ಸಾಸಿವೆ ಸುರಿದು, ಚರಿಗೆಯಿಂದ ನೀರು ಹೊಯ್ದೆ. ಕೆಲವೇ ದಿನಕ್ಕೆ ಬಿಳಿ ಬೂಷ್ಟು ಬಂದು ಮನೆಯೆಲ್ಲ ನಾರಿತು.

"ಒಗ್ಗರಣಿಗೆ ಇನ್ನ ನಿನ್ನ ತಲಿ ಹಾಕ್ಲೇನು?" ಎಂದು ಅವ್ವ ಎಲ್ಲವನ್ನೂ ತಿಪ್ಪೆಗೆ ಚೆಲ್ಲಿದಳು.

ಎರಡನೆಯ ಸಲ ನೀರು ಕಡಿಮೆ ಮಾಡಿ, ತಾಟನ್ನು ಮಾಳಿಗೆಯ ಮೇಲಿಟ್ಟೆ. ನಮ್ಮ ಕಡೆಯ ಬಿಸಿಲು ಬಿಡುತ್ತದೆಯೇ? ಆಗತಾನೆ ಬಾಯಿ ಬಿಟ್ಟಿದ್ದ ಕಾಳುಗಳು ಸುಟ್ಟು ಕರಕಲಾದವು. ಅವ್ವ ಸಾಸಿವೆ ಡಬ್ಬಿಯನ್ನು ಎತ್ತರಕ್ಕಿಟ್ಟಿದ್ದಳು. ಹಳೆಯ ಊರಿನಲ್ಲೂ ನಮ್ಮ ನೆರೆಯಲ್ಲೇ ಇದ್ದ ಹಸೀನಾ ಚಾಚಿಯ ಬಳಿ ಹೋಗಿ ಕೈಯೊಡ್ಡಿದೆ.

"ತಗೋ ಬೇಟಾ. ಇದೂ ಕೆಟ್ರ ಮತ್ತ ಬಾ," ಎಂದಳು ಚಾಚಿ.

ಮೂರನೆಯ ಸಲ ತಾಟಿನ ಮುಂದೆ ಕೂತಾಗ ಹೊರಸಿನ ಮೇಲೆ ಮಲಗಿದ್ದ ಆಯಿಗೆ ತಡೆಯಲಾಗಲಿಲ್ಲ.

"ಏ ಹುಡುಗಿ, ಹಿಂಗ ರಾಶಿ ಹಾಕಿದ್ರ ಕೊಳೀಲಾರದ ಏನ ಮಾಡ್ತಾವ? ಸರಿ ಅತ್ತಾಗ."

ಎದ್ದು ಬಂದಳು. ಕಾಳನ್ನು ಸಂಜೆಯವರೆಗೆ ನೆನೆಯಿಟ್ಟಳು. ಬಟ್ಟೆಯನ್ನು ಹಿಂಡಿ ಹಾಸಿ, ಕಾಳಿನ ಮೇಲೆ ಕಾಳು ಕೂರದಂತೆ ಅಂಗೈಯಿಂದ ಹರಡಿದಳು.

"ನೀರ ಹೊಯ್ಯಬ್ಯಾಡ, ಚಿಮುಕಸು. ಮದಲ ಕತ್ತಲಿ ಬೇಕು ಇವಕ್ಕ," ಎಂದು ಇನ್ನೊಂದು ತಾಟು ಮುಚ್ಚಿದಳು.

ಮರುದಿನದಿಂದ ನಾನು ಏಳುವಷ್ಟರಲ್ಲಿ ಆಯಿಯ ಬೆರಳು ಒದ್ದೆಯಾಗಿರುತ್ತಿತ್ತು. ಮುಚ್ಚಳ ತೆಗೆದ ದಿನ ಒಳಗೆ ತಿಳಿಹಳದಿಯ ಕಡ್ಡಿಗಳು ಒತ್ತೊತ್ತಾಗಿ ನಿಂತಿದ್ದವು. ಬಿಸಿಲು ಬೀಳದ, ಬೆಳಕು ಮಾತ್ರ ಬರುವ ಅಡುಗೆಮನೆಯ ಕಿಟಕಿಯಲ್ಲಿಟ್ಟೆವು. ಸಂಜೆಯೊಳಗೆ ಹಸಿರೇರಿ, ಎಲ್ಲವೂ ಕಿಟಕಿಯತ್ತ ಕತ್ತು ಚಾಚಿದವು. ಆಯಿ ದಿನಾ ತಾಟು ತಿರುಗಿಸಿ ಅವುಗಳ ಬೆನ್ನು ನೆಟ್ಟಗೆ ಮಾಡುತ್ತಿದ್ದಳು.

ವಾರ ಕಳೆಯುವಷ್ಟರಲ್ಲಿ ಒಂದೊಂದಕ್ಕೂ ಎರಡೆರಡು ಎಲೆ. ಬೇರನ್ನು ಬಟ್ಟೆಯಲ್ಲೇ ಬಿಟ್ಟು ಕತ್ತರಿಯಿಂದ ಕತ್ತರಿಸಿ, ಉಳ್ಳಾಗಡ್ಡಿ ಹೆಚ್ಚಿಹಾಕಿ ಮೊಸರಿನಲ್ಲಿ ಕಲಸಿದೆವು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ಇದು. ಮೊದಲ ತುತ್ತಿಗೇ ಘಾಟು ಮೂಗಿಗೇರಿ ಆಯಿಯ ಕಣ್ಣಲ್ಲಿ ನೀರು ಬಂತು.

"ಏನ ಖಾರ ಐತಿ ನಿನ್ನ ಬೆಳಿ!" ಎಂದು ನಕ್ಕಳು. ಆ ಮನೆಯಲ್ಲಿ ಅವಳು ನಕ್ಕಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಅಪ್ಪನ ಕಡೆ ತಿರುಗಿದಳು. "ಬಾಗೇವಾಡಿ ಮಾತ ಬಿಡು. ಒಂದ ಟ್ರ್ಯಾಲಿ ಎರಿಮಣ್ಣ ತರಸು."

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟ. ಮಣ್ಣು ಬಂತು. ಬುಟ್ಟಿಯಲ್ಲಿ ಹೊತ್ತು ಹೊತ್ತು ನನ್ನ ನೆತ್ತಿ ಉರಿಯಿತು. ಮಳೆ ಹಿಡಿಯುವ ಹೊತ್ತಿಗೆ ಗರಸಿನ ಮೇಲೆ ಮೆಂತ್ಯ ಎದ್ದಿತ್ತು. ಆಯಿ ಕೊನೆಯವರೆಗೂ ಆ ಮನೆಯಲ್ಲೇ ಇದ್ದಳು.

ಈಗ ನಾನು ವಿಜಯಪುರದ ಬಾಡಿಗೆ ಮನೆಯಲ್ಲಿ ಸಾಸಿವೆ ಬೆಳೆಯುತ್ತೇನೆ. ಒಂದು ತಾಟೂ ಕೆಡುವುದಿಲ್ಲ. ಆದರೆ ಹೋದ ಬೇಸಿಗೆ ಹಿನ್ನೀರು ತಗ್ಗಿದಾಗ ಅಪ್ಪ ಅವ್ವನ ಜೊತೆ ಸೇತುವೆಯ ಮೇಲೆ ನಿಂತಿದ್ದೆ. ಮುಳುಗಿದ್ದ ಹಳೆಯ ಊರಿನ ಗೋಡೆಗಳು ಮೇಲೆದ್ದಿದ್ದವು.

"ನಮ್ಮವ್ವನ ಮಡಿ ಅಲ್ಲೇ ಇತ್ತು, ಆ ಗ್ವಾಡಿ ಬಲಕ್ಕ," ಎಂದ ಅಪ್ಪ.

"ಅಲ್ಲರೀ, ಎಡಕ್ಕ," ಎಂದಳು ಅವ್ವ.

ಇಬ್ಬರೂ ಬಹಳ ಹೊತ್ತು ವಾದಿಸಿದರು. ಎರಡೂ ಕಡೆ ಒಂದೇ ಬಗೆಯ ಬಿರುಕುಬಿಟ್ಟ ಕೆಸರು. ಯಾರ ಮಾತು ಸರಿಯೆಂದು ಹೇಳಬಲ್ಲವಳು ಒಬ್ಬಳೇ ಇದ್ದಳು. ಅವಳಿದ್ದಾಗ ನಾವು ಯಾರೂ ಕೇಳಿರಲಿಲ್ಲ.