ಗಂಗಾ ಅತ್ಯಾಳ ಲೋಳೆಸರ

ನಿಮ್ಮ ಮನೆಯ ಕಿಟಕಿಯಲ್ಲಿ ಲೋಳೆಸರದ ಕುಂಡವೊಂದಿದ್ದರೆ, ಚಳಿಗಾಲದಲ್ಲಿ ದಯವಿಟ್ಟು ಅದಕ್ಕೆ ದಿನವೂ ನೀರು ಹಾಕಬೇಡಿ. ಇಷ್ಟನ್ನು ವಿನಯದಿಂದ ಹೇಳಿ ಮುಗಿಸಬೇಕೆಂದೇ ಕುಳಿತೆ. ಆದರೆ ಈ ಮಾತು ನಾಲಗೆಗೆ ಬಂದಾಗಲೆಲ್ಲ ಅದು ಗದರಿಕೆಯಾಗಿಬಿಡುತ್ತದೆ. ಏಕೆಂದು ಹೇಳದೆ ಹೋದರೆ ನಿಮಗೆ ನನ್ನ ಸಿಟ್ಟು ಮಾತ್ರ ಕಂಡೀತು, ಗಂಗಾ ಅತ್ಯಾ ಕಾಣಲಿಕ್ಕಿಲ್ಲ.

ಗಂಗಾ ಅತ್ಯಾ ಅಪ್ಪನ ಅಕ್ಕ. ಹನ್ನೆರಡಕ್ಕೆ ಮದುವೆ, ಹದಿಮೂರಕ್ಕೆ ವೈಧವ್ಯ. ಆಮೇಲೆ ಕೆಂಪು ಸೀರೆ, ಬೋಳಿಸಿದ ತಲೆ, ಬೆಟಗೇರಿಯ ನಮ್ಮ ಮನೆಯ ಅಡಿಗೆಮನೆ ಮತ್ತು ಹಿತ್ತಲು. ಶಾಲಾ ಮಾಸ್ತರನಾಗಿದ್ದ ಅಪ್ಪನಿಗೆ ನಡುಮನೆ, ಓಣಿ, ಊರು ಎಲ್ಲ ಇದ್ದವು. ಆಕೆಗೆ ಹಿತ್ತಲಿನಿಂದಾಚೆ ಜಗತ್ತಿರಲಿಲ್ಲ. ಕಪ್ಪತಗುಡ್ಡದ ಕಡೆಯಿಂದ ಸಂತೆಗೆ ಬರುತ್ತಿದ್ದ ಹೆಂಗಸರ ಕೈಯಲ್ಲಿ ಲೋಳೆಸರದ ಮರಿಗಳನ್ನು ತರಿಸಿ, ಒಡಕು ಗಡಿಗೆಗಳಲ್ಲಿ ನೆಟ್ಟು ಬೆಳೆಸಿದ್ದಳು. ನಮ್ಮ ಎರೆಮಣ್ಣು ನೀರು ಹಿಡಿದು ಕೂರುತ್ತದೆಂದು ಅದಕ್ಕೆ ಹಳ್ಳದ ಮರಳು, ಇಟ್ಟಂಗಿಯ ಚೂರು ಬೆರೆಸುತ್ತಿದ್ದಳು. ದೀಪಾವಳಿ ಕಳೆಯಿತೆಂದರೆ ಗಡಿಗೆಗಳು ತೇವದ ನೆಲ ಬಿಟ್ಟು ಬಿಸಿಲು ಬೀಳುವ ಗೋಡೆಯ ಬದಿಗೆ, ಹಲಗೆಯ ಮೇಲೆ ಬರುತ್ತಿದ್ದವು. ಥಂಡಿ ಗಾಳಿ ಬೀಸಿದ ಸಂಜೆಗಳಲ್ಲಿ ಅವಕ್ಕೆ ಗೋಣಿತಟ್ಟಿನ ಹೊದಿಕೆ. ಎರಡು ಬೆರಳು ಆಳಕ್ಕೆ ಮಣ್ಣು ಒಣಗಿದ್ದು ಖಾತ್ರಿಯಾದ ಮೇಲಷ್ಟೇ ಒಂದು ಬೊಗಸೆ ನೀರು, ಅದೂ ಬುಡಕ್ಕೆ, ಎಲೆಯ ಸಂದಿಗಲ್ಲ.

"ಚಳಿಯಾಗ ಇವು ಉಪವಾಸ ಮಾಡ್ತಾವ. ಉಪವಾಸ ಇದ್ದೋರಿಗೆ ಒತ್ತಾಯ ಮಾಡಿ ಉಣಸಬಾರದು," ಎನ್ನುತ್ತಿದ್ದಳು. ಉಪವಾಸದ ವಿಷಯ ಆಕೆಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿತ್ತು! ಓಣಿಯ ನೇಕಾರರ ಮನೆಗಳಲ್ಲಿ ಯಾರಿಗೆ ಸುಟ್ಟರೂ ಅವರು ಈ ಎಲೆಗೆಂದು ಮೊದಲು ಓಡಿ ಬರುತ್ತಿದ್ದುದು ನಮ್ಮ ಹಿತ್ತಲ ಬಾಗಿಲಿಗೆ.

ಕನ್ನಡ ನಾಡು ಒಂದಾಗುವ ಮುಂಚಿನ ಚಳಿಗಾಲವದು. ನಮ್ಮೂರು ಇನ್ನೂ ಮುಂಬಯಿಯ ಆಡಳಿತದಲ್ಲಿತ್ತು. ಏಕೀಕರಣದ ಸಭೆಗಳಿಗೆಂದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಇಪ್ಪತ್ತು ಜನ ಬಂದು ಹದಿನೈದು ದಿನ ನಮ್ಮಲ್ಲೇ ಉಳಿದರು. ಅಷ್ಟೂ ಜನರ ರೊಟ್ಟಿ, ಪಲ್ಯ ಅತ್ಯಾಳ ಕೈಯದು. ಉಂಡವರು ಕೈ ತೊಳೆಯುತ್ತಿದ್ದುದು ಹಿತ್ತಲಿನಲ್ಲಿ, ಆ ಗಡಿಗೆಗಳ ಮೇಲೆ. ಪರಪುರುಷರೆದುರು ಬರಬಾರದ ಆಕೆ ಬಾಗಿಲ ಮರೆಯಿಂದಲೇ, "ಅವಕ್ಕ ನೀರು ಹಾಕಬ್ಯಾಡ್ರಿ, ಕೊಳೀತಾವ," ಎಂದಳು.

"ಗಿಡಕ್ಕ ನೀರು ಹಾಕಿದ್ರ ಪುಣ್ಯ ಬರ್ತೈತಿ ಬಿಡ್ರಿ," ಎಂದು ಒಬ್ಬ ನಕ್ಕ. ಮರುದಿನ ಮತ್ತೆ ಹೇಳಿದಳು, ಮತ್ತೆ ನಕ್ಕರು. ಮೂರನೆಯ ಸಲ ಅಪ್ಪನಿಗೇ ಹೇಳಿದಳು.

"ಇಲ್ಲಿ ನಾಡಿನ ಚಿಂತಿ ನಡದದ ಅಕ್ಕಾ, ನೀ ಗಡಗಿ ಚಿಂತಿ ತರಬ್ಯಾಡ," ಎಂದ ಅಪ್ಪ.

ಎಲೆಗಳು ಗಾಜಿನಂತೆ ತಿಳಿಯಾಗಿ, ಬುಡ ಕಂದಿ, ಮುಟ್ಟಿದರೆ ಕುಸಿಯತೊಡಗಿದವು. ಕೊನೆಯ ದಿನ ಮಧ್ಯಾಹ್ನ ಪಕ್ಕದ ಮನೆಯ ಸೊಸೆ ನೀಲವ್ವ ಕಿರುಚುತ್ತ ಬಂದಳು. ನೂಲಿಗೆ ಹಚ್ಚುವ ಕುದಿಯುವ ಗಂಜಿ ಅವಳ ಬಲಗೈ ಮೇಲೆ ಸುರಿದಿತ್ತು.

"ಎಲಿ ಕೊಡ್ರಿ ಗಂಗವ್ವಾರ, ಉರಿ ತಡಿಯಾಕ ಆಗವಲ್ದು!"

ಅತ್ಯಾ ಒಂದೊಂದೇ ಗಡಿಗೆಯನ್ನು ಬಗೆದಳು. ಸಿಕ್ಕಿದ್ದು ನಾರುವ ಲೋಳೆ. ಆ ಕೈಯನ್ನು ಬಹಳ ಹೊತ್ತು ತಣ್ಣೀರಿನಲ್ಲಿ ಹಿಡಿದಿದ್ದು, ಕೊನೆಗೆ ನೀಲವ್ವನನ್ನು ಅವಳ ಗಂಡನೊಂದಿಗೆ ದವಾಖಾನೆಗೆ ಕಳಿಸಿದಳು. ಗಾಯ ಮಾಯಲು ತಿಂಗಳುಗಳು ಹಿಡಿದವು; ಎರಡು ಬೆರಳು ಮಡಿಚಿಯೇ ಉಳಿದವು. ಎಲೆಯಿದ್ದಿದ್ದರೆ ಬೆರಳು ನೆಟ್ಟಗಾಗುತ್ತಿದ್ದವೋ ಇಲ್ಲವೋ ನಾನರಿಯೆ. ಬೇಡಿ ಬಂದವಳಿಗೆ ಕೊಡಲು ಏನೂ ಇಲ್ಲದೆ ನಿಂತ ಅತ್ಯಾಳ ಮುಖವನ್ನು ಮಾತ್ರ ಬಲ್ಲೆ.

ಅವಳು ನೇರ ನಡುಮನೆಗೆ ನಡೆದಳು. ಅಲ್ಲಿ ಸಭೆ ತುಂಬಿತ್ತು. ಕೊಳೆತ ಗಿಡವೊಂದನ್ನು ಅಪ್ಪನ ಮುಂದಿನ ಕಾಗದಗಳ ಮೇಲಿಟ್ಟಳು.

"ಮೂರು ಸಲ ಹೇಳಿದೆ. ಕನ್ನಡದಾಗನ ಹೇಳಿದೆ. ನಿಮಗ ಇನ್ಯಾವ ಭಾಷಾದಾಗ ಹೇಳಬೇಕಿತ್ತು?"

"ಅಕ್ಕಾ, ಒಳಗ ನಡಿ," ಎಂದ ಅಪ್ಪ ಹಲ್ಲು ಕಚ್ಚಿ.

"ಒಳಗಿದ್ದದ್ದು ಸಾಕಾತು, ಶೀನಾ."

ಎಂದೂ ದಾಟದ ಮುಂಬಾಗಿಲನ್ನು ದಾಟಿ ಆಕೆ ನೀಲವ್ವನ ಮನೆಗೆ ಹೋದಳು, ಅವಳ ಆರೈಕೆಗೆ ನಿಂತಳು. ನೇಕಾರರ ಮನೆಯಲ್ಲಿ ಉಂಡವಳು ಪ್ರಾಯಶ್ಚಿತ್ತ ಮಾಡಿಕೊಂಡೇ ಮರಳಬೇಕೆಂದು ಅಪ್ಪ ಹೇಳಿ ಕಳಿಸಿದ. "ತಪ್ಪು ಮಾಡಿದೋರು ಮಾಡ್ಕೊಳ್ಳಿ," ಎಂದು ಉತ್ತರ ಬಂತು. ನಾಡನ್ನು ಕೂಡಿಸಲು ಹೊರಟ ಆ ಇಪ್ಪತ್ತು ಜನರಲ್ಲಿ ಒಬ್ಬನಾದರೂ, "ಮಾಸ್ತರ, ನಿಮ್ಮ ಅಕ್ಕನ್ನ ಮನಿಗೆ ಕರೀರಿ," ಎನ್ನಲಿಲ್ಲ. ಅತ್ಯಾ ಅಲ್ಲಿಯೇ ನೂಲು ಸುತ್ತುತ್ತ ಉಳಿದಳು. ತನ್ನ ದುಡಿಮೆಯ ಅನ್ನವನ್ನು ಆಕೆ ಉಂಡದ್ದು ಐವತ್ತರ ವಯಸ್ಸಿನಲ್ಲಿ, ಮೊದಲ ಸಲ.

ಮುಂದಿನ ಚಳಿ ಕಾಲಿಡುವ ಹೊತ್ತಿಗೆ ನಾಡು ಒಂದಾಯಿತು. ಮೆರವಣಿಗೆಯ ಮುಂದೆ ಅಪ್ಪ, ಅವನ ಹಿಂದೆ ಬಾವುಟ ಹಿಡಿದ ನಾನು. ಅಗಲಿದವರು ಕೂಡಿದರೆಂದು ಅಪ್ಪ ಆಗತಾನೇ ಭಾಷಣ ಮಾಡಿ, ಜನರ ಕಣ್ಣಲ್ಲಿ ನೀರು ತರಿಸಿದ್ದ. ನೀಲವ್ವನ ಕಟ್ಟೆಯ ಮೇಲೆ ಅತ್ಯಾ ನಿಂತಿದ್ದಳು. ನನ್ನನ್ನು ಕಂಡು "ಸುಮೀ!" ಎಂದು ಕೈಯೆತ್ತಿ ಕೂಗಿದಳು. ಅಪ್ಪ ಕತ್ತು ತಿರುಗಿಸದೆ ನಡೆದ.

ಅವನ ಮೇಲಿನ ಸಿಟ್ಟು ಅವನ ಚಿತೆಯೊಂದಿಗೆ ಆರಿತು. ಆರದೆ ಉಳಿದದ್ದು ನನ್ನ ಮೇಲಿನದು. ಅಂದು ನಾನು ತಿರುಗಿ ನೋಡಿದೆ, ಆಕೆಯ ಕಣ್ಣಿಗೆ ಕಣ್ಣು ಕೂಡಿತು. ಅಪ್ಪನ ಬೆನ್ನನ್ನೊಮ್ಮೆ ನೋಡಿದವಳೇ, ಎಲ್ಲರಿಗಿಂತ ಜೋರಾಗಿ ಜಯಕಾರ ಕೂಗುತ್ತ ಮುಂದೆ ನಡೆದೆ.